ಹಳದಿ ಪುಸ್ತಿಕೆಯೂ ಆರು ದಿನಗಳ ಲೆಕ್ಕವೂ

ಕೆಲವು ವರ್ಷ ಉಗಾಂಡಾದ ಕಂಪಾಲಾದಲ್ಲಿ ಕೆಲಸ ಮಾಡಿ ಬಂದವನು ಎಂಬ ಕಾರಣಕ್ಕೆ, ಆಫ್ರಿಕಾಕ್ಕೆ ಹೊರಟು ನಿಂತ ಪರಿಚಿತರು ನನ್ನನ್ನು ಆಗಾಗ ಕೇಳುವ ಪ್ರಶ್ನೆಯೊಂದಿದೆ: ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಳ್ಳಲೇಬೇಕೆ, ಅದಿಲ್ಲದೆ ನಡೆಯುವುದಿಲ್ಲವೆ? ವೀಸಾ ಅರ್ಜಿಗೆ ಲಗತ್ತಿಸಬೇಕಾದ ಇನ್ನೊಂದು ಕಾಗದ ಎಂದೇ ಅವರು ಅದನ್ನು ಭಾವಿಸಿರುವುದು ಪ್ರಶ್ನೆಯ ಧಾಟಿಯಲ್ಲೇ ತಿಳಿಯುತ್ತದೆ. ಉಗಾಂಡಾದಂಥ ದೇಶಗಳು ಒಳಬರುವ ಎಲ್ಲರಿಂದಲೂ ಲಸಿಕೆಯ ಪ್ರಮಾಣಪತ್ರವನ್ನು, ಅಂದರೆ ಲಸಿಕೆ ಹಾಕಿದವರು ಬರೆದುಕೊಡುವ ಹಳದಿ ಪುಸ್ತಿಕೆಯನ್ನು, ಕೇಳುತ್ತವೆ, ನಿಜ. ಆದರೆ ಕೆನ್ಯಾ ಭಾರತದಿಂದ ನೇರವಾಗಿ ಬಂದವರನ್ನು ಅದಕ್ಕಾಗಿ ತಡೆಯುವುದಿಲ್ಲ. ನೈರೋಬಿಯಲ್ಲಿ ಯಾರೂ ಕೇಳದ ಆ ಹಳದಿ ಪುಸ್ತಿಕೆಯನ್ನು ಮರಳಿ ಬಂದು ಇಳಿದಾಗ ಕೇಳುವವರು ನಮ್ಮದೇ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳು. ಹಳದಿ ಜ್ವರದ ಅಪಾಯವಿರುವ ದೇಶವನ್ನು ಬಿಟ್ಟು ಆರು ದಿನದೊಳಗೆ ಭಾರತಕ್ಕೆ ಬಂದವರಲ್ಲಿ ಸರಿಯಾದ ಪ್ರಮಾಣಪತ್ರ ಇಲ್ಲದಿದ್ದರೆ, ಆ ಆರು ದಿನ ತುಂಬುವವರೆಗೆ ಅವರನ್ನು ಸೊಳ್ಳೆ ನುಸುಳದ ಕಟ್ಟಡದಲ್ಲಿ ಪ್ರತ್ಯೇಕವಾಗಿ ಇರಿಸಲಾಗುತ್ತದೆ. ಪಾಸ್‌ಪೋರ್ಟ್ ಭಾರತದ್ದೇ ಆಗಿರಲಿ, ಮನೆ ವಿಮಾನ ನಿಲ್ದಾಣದಿಂದ ಅರ್ಧ ಗಂಟೆಯ ದಾರಿಯೇ ಆಗಿರಲಿ, ನಿಯಮ ಒಂದೇ.

ಇದನ್ನು ಕೇಳಿದವರು ಸಾಮಾನ್ಯವಾಗಿ ಸರ್ಕಾರಿ ಕಾಟ ಎಂದು ಗೊಣಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಮ್ಮ ದೇಶ ವಿಮಾನ ನಿಲ್ದಾಣಗಳಲ್ಲಿ ಪಾಲಿಸುವ ಆರೋಗ್ಯ ನಿಯಮಗಳ ಪೈಕಿ ಇಷ್ಟು ಗಟ್ಟಿಯಾದ ತರ್ಕವಿರುವುದು ಬೇರೆ ಇಲ್ಲ. ಅದು ಮನದಟ್ಟಾಗಬೇಕಾದರೆ ರೋಗದ ನಡೆಯನ್ನು ಸ್ವಲ್ಪ ವಿವರವಾಗಿ ನೋಡಬೇಕಾಗುತ್ತದೆ.

ಹಳದಿ ಜ್ವರ ಒಂದು ವೈರಸ್ಸಿನಿಂದ ಬರುವ ಕಾಯಿಲೆ. ಡೆಂಗಿ, ಝೀಕಾ, ಜಪಾನೀ ಮಿದುಳುಜ್ವರ ಹಾಗೂ ನಮ್ಮ ಮಲೆನಾಡಿನ ಮಂಗನ ಕಾಯಿಲೆ ಇವೆಲ್ಲವುಗಳ ವೈರಸ್ಸುಗಳೂ ಅದೇ ಕುಟುಂಬಕ್ಕೆ ಸೇರಿವೆ. ಸೋಂಕಿರುವ ಸೊಳ್ಳೆ ಕಚ್ಚಿದ ಮೂರರಿಂದ ಆರು ದಿನಗಳಲ್ಲಿ ಜ್ವರ ಕಾಣಿಸಿಕೊಳ್ಳುತ್ತದೆ. ಚಳಿ, ತಲೆನೋವು, ಮೈಕೈ ನೋವು, ಅದರಲ್ಲೂ ಸೊಂಟ ಮತ್ತು ಬೆನ್ನಿನಲ್ಲಿ ಎದ್ದು ಕಾಣುವ ನೋವು, ವಾಕರಿಕೆ, ಊಟ ಸೇರದಿರುವುದು, ಕಣ್ಣು ಕೆಂಪಾಗುವುದು ಇವೆಲ್ಲ ಮೊದಲ ಹಂತದ ಲಕ್ಷಣಗಳು. ಜ್ವರ ಏರಿದಂತೆ ನಾಡಿಯೂ ಚುರುಕಾಗುವುದು ಸಹಜ. ಈ ಕಾಯಿಲೆಯಲ್ಲಿ ಜ್ವರ ಏರುತ್ತಿದ್ದರೂ ನಾಡಿ ನಿಧಾನವಾಗಿಯೇ ಉಳಿಯುವುದುಂಟು, ಹಳೆಯ ವೈದ್ಯರು ಈ ಗುರುತನ್ನು ಬಹಳವಾಗಿ ನಂಬುತ್ತಿದ್ದರು. ಸೋಂಕು ತಗುಲಿದ ಅನೇಕರಿಗೆ ಯಾವ ಲಕ್ಷಣವೂ ಕಾಣಿಸುವುದಿಲ್ಲ. ಕಾಯಿಲೆ ಬಿದ್ದವರಲ್ಲೂ ಹೆಚ್ಚಿನವರು ಮೂರು ನಾಲ್ಕು ದಿನಗಳಲ್ಲಿ ಚೇತರಿಸಿಕೊಂಡು, ತಮಗೆ ಬಂದಿದ್ದುದು ಏನೆಂಬುದೇ ತಿಳಿಯದೆ ಕೆಲಸಕ್ಕೆ ಮರಳುತ್ತಾರೆ.

ಈ ಕಾಯಿಲೆಯ ನಿಜವಾದ ಮೋಸ ಇರುವುದು ಮೊದಲ ಹಂತದ ಕೊನೆಯಲ್ಲಿ. ನಾಲ್ಕನೆಯ ದಿನದ ಹೊತ್ತಿಗೆ ಜ್ವರ ಇಳಿಯುತ್ತದೆ, ರೋಗಿ ಎದ್ದು ಕೂತು ಗಂಜಿ ಕೇಳುತ್ತಾನೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಕೆಲವು ಗಂಟೆಗಳಿಂದ ಹಿಡಿದು ಒಂದು ದಿನದವರೆಗೆ ಈ ಬಿಡುವು ಇರಬಹುದು. ಅನಂತರ ನೂರರಲ್ಲಿ ಸುಮಾರು ಹದಿನೈದು ರೋಗಿಗಳಿಗೆ ಜ್ವರ ಮತ್ತೆ ಏರುತ್ತದೆ, ಮತ್ತು ಈ ಸಲ ಯಕೃತ್ತು ಹಾಗೂ ಮೂತ್ರಪಿಂಡಗಳು ಏಟು ತಿಂದಿರುತ್ತವೆ. ಕಣ್ಣು ಮತ್ತು ಚರ್ಮ ಹಳದಿಗೆ ತಿರುಗುತ್ತವೆ, ಮೂತ್ರ ಕಡುಬಣ್ಣವಾಗಿ ಪ್ರಮಾಣ ಕಡಿಮೆಯಾಗುತ್ತದೆ, ಹೊಟ್ಟೆನೋವಿನೊಂದಿಗೆ ವಾಂತಿ ಶುರುವಾಗುತ್ತದೆ. ಒಸಡು, ಮೂಗು, ಜಠರಗಳಲ್ಲಿ ರಕ್ತ ಒಸರುತ್ತದೆ. ಜಠರದ ಆಮ್ಲದಲ್ಲಿ ಬೆರೆತ ಆ ರಕ್ತ ಕಾಫಿ ಚರಟದಂತೆ ಕಪ್ಪಾಗಿ ವಾಂತಿಯಲ್ಲಿ ಹೊರಬರುವುದರಿಂದಲೇ ಸ್ಪ್ಯಾನಿಷ್ ಮಾತಾಡುವ ನಾಡುಗಳಲ್ಲಿ ಹಿಂದೆ ಈ ಕಾಯಿಲೆಯನ್ನು ಕಪ್ಪು ವಾಂತಿ ಎಂದೇ ಕರೆಯುತ್ತಿದ್ದರು. ಈ ಎರಡನೆಯ ಹಂತಕ್ಕೆ ಜಾರಿದವರಲ್ಲಿ ಅರ್ಧದಷ್ಟು ಜನ ಏಳರಿಂದ ಹತ್ತು ದಿನಗಳೊಳಗೆ ಸಾಯುತ್ತಾರೆ. ಬದುಕುಳಿದವರಿಗೆ ಮಾತ್ರ ಆಯುಷ್ಯಪೂರ್ತಿ ಈ ಕಾಯಿಲೆ ಮತ್ತೆ ಬರುವುದಿಲ್ಲ.

ವೈರಸ್ಸನ್ನೇ ಕೊಲ್ಲುವ, ಬಳಕೆಗೆ ಒಪ್ಪಿಗೆ ಪಡೆದ ಔಷಧ ಇನ್ನೂ ಇಲ್ಲ. ನೀರಿನಂಶ ಕಾಪಾಡುವುದು, ರಕ್ತದೊತ್ತಡ ಬೀಳದಂತೆ ನೋಡಿಕೊಳ್ಳುವುದು, ಅಗತ್ಯವಿದ್ದರೆ ರಕ್ತ ಕೊಡುವುದು, ಡಯಾಲಿಸಿಸ್ ಮಾಡುವುದು, ಇಷ್ಟೇ ವೈದ್ಯರ ಕೈಯಲ್ಲಿರುವುದು. ಕಣ್ಣು ಹಳದಿಯಾದ ಕೂಡಲೇ ಕಾಮಾಲೆಯೆಂದು ನಾಟಿ ಔಷಧಿಗೆ ಓಡುವ ನಮ್ಮ ರೂಢಿ ಇಲ್ಲಿ ಅಪಾಯಕಾರಿ, ಏಕೆಂದರೆ ಹಳದಿ ಕಾಣಿಸಿಕೊಳ್ಳುವ ಹೊತ್ತಿಗೆ ತೀವ್ರ ನಿಗಾ ಘಟಕ ಬೇಕಾಗಿರುತ್ತದೆ. ವೈದ್ಯರಿಗೂ ಇದು ಸುಲಭದ ರೋಗವಲ್ಲ. ತೀವ್ರ ಮಲೇರಿಯ, ಇಲಿ ಜ್ವರ, ವೈರಲ್ ಹೆಪಟೈಟಿಸ್, ತೀವ್ರ ಡೆಂಗಿ ಇವೆಲ್ಲ ಹೀಗೆಯೇ ತೋರುತ್ತವೆ. ಮೊದಲ ಕೆಲವು ದಿನಗಳಲ್ಲಿ ರಕ್ತದಲ್ಲಿ ವೈರಸ್ಸನ್ನೇ ಪಿಸಿಆರ್ ಪರೀಕ್ಷೆಯಿಂದ ಹಿಡಿಯಬಹುದು. ಆಮೇಲೆ ವೈರಸ್ಸಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು ಹುಡುಕಬೇಕು, ಆದರೆ ಹಿಂದೆ ಡೆಂಗಿ ಬಂದಿದ್ದವರ ರಕ್ತದಲ್ಲಿ ಒಂದೇ ಕುಟುಂಬದ ವೈರಸ್ಸುಗಳ ಪ್ರತಿಕಾಯಗಳು ಒಂದಕ್ಕೊಂದು ಕಲಸಿಹೋಗಿ ಪರೀಕ್ಷೆ ದಾರಿ ತಪ್ಪಿಸುತ್ತದೆ. ಬೆಂಗಳೂರಿನಂಥ ಊರಿನಲ್ಲಿ ಡೆಂಗಿ ಬಂದು ಹೋಗದವರು ಎಷ್ಟು ಮಂದಿ ಇದ್ದಾರು?

ಈಗ ಆರು ದಿನಗಳ ಲೆಕ್ಕಕ್ಕೆ ಬರೋಣ. ಜ್ವರ ಕಾಣಿಸಿಕೊಳ್ಳುವುದಕ್ಕೆ ಸ್ವಲ್ಪ ಮೊದಲಿನಿಂದ ಆರಂಭಿಸಿ, ಬಂದ ಮೇಲಿನ ಮೂರರಿಂದ ಐದು ದಿನಗಳವರೆಗೆ ರೋಗಿಯ ರಕ್ತದಲ್ಲಿ ವೈರಸ್ ತುಂಬಿರುತ್ತದೆ. ಆ ಅವಧಿಯಲ್ಲಿ ಅವನನ್ನು ಕಚ್ಚಿದ, ನಮ್ಮಲ್ಲಿ ಡೆಂಗಿ ಹರಡುವ ಅದೇ ಈಡಿಸ್ ಈಜಿಪ್ಟಿ ಸೊಳ್ಳೆಯ ಮೈಯಲ್ಲಿ ವೈರಸ್ ಬೆಳೆದು, ಒಂದೂವರೆ ವಾರ ಕಳೆಯುವ ಹೊತ್ತಿಗೆ ಅದರ ಜೊಲ್ಲಿಗೆ ಬಂದು ಸೇರುತ್ತದೆ. ಅಲ್ಲಿಂದ ಮುಂದೆ ಆ ಸೊಳ್ಳೆ ಬದುಕಿರುವಷ್ಟು ದಿನವೂ ಕಚ್ಚಿದವರಿಗೆಲ್ಲ ಸೋಂಕು ಹಂಚುತ್ತದೆ. ವಿಮಾನ ಹತ್ತುವ ದಿನವೇ ಸೊಳ್ಳೆ ಕಚ್ಚಿಸಿಕೊಂಡ ಪ್ರಯಾಣಿಕನಿಗೆ ಜ್ವರ ಬರುವುದಾದರೆ ಆರನೆಯ ದಿನದೊಳಗೆ ಬಂದೇ ತೀರುತ್ತದೆ ಎಂಬುದು ಲೆಕ್ಕ. ಅಷ್ಟು ದಿನ ಅವನಿಗೂ ನಮ್ಮ ಊರಿನ ಸೊಳ್ಳೆಗೂ ಭೇಟಿಯಾಗದಂತೆ ನೋಡಿಕೊಂಡರೆ ಸರಪಳಿ ಅಲ್ಲೇ ಕಡಿಯುತ್ತದೆ. ಪ್ರತ್ಯೇಕವಾಸದಲ್ಲಿ ಇರಿಸುವುದು ಆ ಪ್ರಯಾಣಿಕನಿಂದ ನಮಗೆ ನೇರವಾಗಿ ಅಂಟುತ್ತದೆಂಬ ಹೆದರಿಕೆಯಿಂದಲ್ಲ, ಮನುಷ್ಯರಿಂದ ಮನುಷ್ಯರಿಗೆ ಇದು ಅಂಟುವುದೂ ಇಲ್ಲ. ಹೆದರಿಕೆ ಇರುವುದು ನಮ್ಮ ಮನೆಯ ಡ್ರಮ್ಮಿನಲ್ಲಿ, ಬಾಲ್ಕನಿಯ ಹೂಕುಂಡದ ತಟ್ಟೆಯಲ್ಲಿ, ಅರೆ ಕಟ್ಟಿದ ಅಪಾರ್ಟ್‌ಮೆಂಟಿನ ಲಿಫ್ಟ್ ಗುಂಡಿಯಲ್ಲಿ ಹುಟ್ಟಿ ಹಗಲು ಹೊತ್ತಿನಲ್ಲಿ ಕಚ್ಚುವ ಸೊಳ್ಳೆಯ ಬಗ್ಗೆ.

ಈ ಹೆದರಿಕೆ ಕಾಲ್ಪನಿಕವಲ್ಲ ಎಂಬುದಕ್ಕೆ ಅಂಗೋಲಾದ ಉದಾಹರಣೆ ಸಾಕು. 2015ರ ಡಿಸೆಂಬರಿನಲ್ಲಿ ರಾಜಧಾನಿ ಲುವಾಂಡಾದ ಹೊರವಲಯದ ವಿಯಾನಾ ಎಂಬಲ್ಲಿ, ದೊಡ್ಡ ಮಾರುಕಟ್ಟೆಯೊಂದರ ಸುತ್ತ, ಕೆಲವರು ಜ್ವರ ಬಂದು ಸತ್ತರು. ಮೊದಲು ಕಾಯಿಲೆ ಬಿದ್ದವರಲ್ಲಿ ಎರಿಟ್ರಿಯಾದಿಂದ ಬಂದಿದ್ದವರೂ ಇದ್ದರು; ಒಂದೇ ಕಡೆ ಊಟ ಮಾಡಿದ್ದರಿಂದ ವಿಷಾಹಾರ ಇರಬೇಕೆಂಬ ಅನುಮಾನ ಮೊದಲು ಬಂತು. ಹಳದಿ ಜ್ವರವೆಂದು ಪ್ರಯೋಗಾಲಯ ದೃಢಪಡಿಸಿದ್ದು 2016ರ ಜನವರಿಯಲ್ಲಿ, ಲಸಿಕೆ ಹಾಕಲು ಶುರುವಾದದ್ದು ಫೆಬ್ರವರಿಯಲ್ಲಿ. ಅಷ್ಟರಲ್ಲಿ ತೈಲದ ಬೆಲೆ ಕುಸಿದು ಖಜಾನೆ ಬರಿದಾಗಿದ್ದ ಆ ನಗರದ ಬೀದಿಗಳಲ್ಲಿ ಕಸ ರಾಶಿ ಬಿದ್ದಿತ್ತು, ಕೊಳಾಯಿ ನೀರಿಲ್ಲದ ಬಡಾವಣೆಗಳಲ್ಲಿ ಜನ ಪೀಪಾಯಿಗಳಲ್ಲಿ ನೀರು ತುಂಬಿಡುತ್ತಿದ್ದರು. ಕಾಡಿನ ಕಾಯಿಲೆ ನಗರದ ಕಾಯಿಲೆಯಾಗಲು ಇದಕ್ಕಿಂತ ಹೆಚ್ಚಿನದೇನೂ ಬೇಕಿರಲಿಲ್ಲ.

ಜಗತ್ತಿನ ತುರ್ತು ದಾಸ್ತಾನಿನಲ್ಲಿ ಆಗ ಇದ್ದುದು ಅರವತ್ತು ಲಕ್ಷ ಡೋಸ್ ಲಸಿಕೆ. ಲುವಾಂಡಾ ನಗರವೊಂದೇ ಅದನ್ನು ನುಂಗಿ ಹಾಕಿತು. ದಾಸ್ತಾನು ಮತ್ತೆ ತುಂಬುವಷ್ಟರಲ್ಲಿ ರೋಗ ಗಡಿ ದಾಟಿ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ರಾಜಧಾನಿ ಕಿನ್ಶಾಸಾ ತಲುಪಿತ್ತು. ಕೋಳಿಮೊಟ್ಟೆಯ ಭ್ರೂಣದಲ್ಲಿ ಬೆಳೆಸಬೇಕಾದ ಈ ಲಸಿಕೆಯನ್ನು ಬೇಕೆಂದ ಕೂಡಲೇ ದುಪ್ಪಟ್ಟು ತಯಾರಿಸಲಾಗುವುದಿಲ್ಲ. ಜಗತ್ತಿಗೆಲ್ಲ ಇದನ್ನು ಒದಗಿಸುವ ದೊಡ್ಡ ತಯಾರಕರೂ ಬೆರಳೆಣಿಕೆಯಷ್ಟು ಮಾತ್ರ. ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಒಂದು ಡೋಸನ್ನು ಐವರಿಗೆ ಹಂಚುವ ತೀರ್ಮಾನಕ್ಕೆ ಬಂದರು. 2016ರ ಆಗಸ್ಟಿನಲ್ಲಿ ಕಿನ್ಶಾಸಾದ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಅರ್ಧ ಮಿಲಿಲೀಟರಿನ ಬದಲು 0.1 ಮಿಲಿಲೀಟರ್ ಚುಚ್ಚಲಾಯಿತು. ಅಷ್ಟು ಸಣ್ಣ ಪ್ರಮಾಣವೂ ಬಹುತೇಕರಲ್ಲಿ ರಕ್ಷಣೆ ಹುಟ್ಟಿಸಿತೆಂದು ಆಮೇಲಿನ ಪರೀಕ್ಷೆಗಳು ತೋರಿಸಿದವು. ಅಂಗೋಲಾದಲ್ಲಿ ಆ ವರ್ಷದ ಡಿಸೆಂಬರಿಗೆ, ಕಾಂಗೋದಲ್ಲಿ 2017ರ ಫೆಬ್ರವರಿಗೆ ರೋಗ ಮುಗಿಯಿತೆಂದು ಘೋಷಣೆಯಾಯಿತು.

ಈ ಕತೆಯಲ್ಲಿ ಭಾರತದ ಓದುಗರು ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಅಂಗೋಲಾದಲ್ಲಿ ದುಡಿಯುತ್ತಿದ್ದ ಚೀನೀ ಕೆಲಸಗಾರರಲ್ಲಿ ಹನ್ನೊಂದು ಮಂದಿ ಸೋಂಕು ಹೊತ್ತು ಸ್ವದೇಶಕ್ಕೆ ಮರಳಿದರು. ಏಷ್ಯಾ ಖಂಡದಲ್ಲಿ ಹಳದಿ ಜ್ವರ ದೃಢಪಟ್ಟದ್ದು ಅದೇ ಮೊದಲು. ಅವರು ಇಳಿದಾಗ ಚೀನಾದಲ್ಲಿ ಚಳಿಗಾಲ ಮುಗಿಯುತ್ತಿದ್ದ ಕಾಲ, ಸೊಳ್ಳೆಗಳು ವಿರಳವಾಗಿದ್ದವು. ರೋಗ ಅಲ್ಲಿಂದ ಮುಂದೆ ಹರಡಲಿಲ್ಲ. ಲಸಿಕೆ ಹಾಕಿಸಿಕೊಳ್ಳದ ಅಷ್ಟೇ ಮಂದಿ ಜುಲೈ ತಿಂಗಳಲ್ಲಿ ಬೆಂಗಳೂರಿಗೋ ಮಂಗಳೂರಿಗೋ ಬಂದಿಳಿದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಆ ಆರು ದಿನಗಳ ನಿಯಮ ಕಾಟವೆಂದು ತೋರುವುದಿಲ್ಲ.

ಇಷ್ಟು ಕಾಲ ಹಳದಿ ಜ್ವರ ಭಾರತಕ್ಕೆ ಏಕೆ ಬಂದಿಲ್ಲ ಎಂಬುದಕ್ಕೆ ಎಲ್ಲರೂ ಒಪ್ಪುವ ಒಂದೇ ಉತ್ತರ ವಿಜ್ಞಾನಿಗಳಲ್ಲಿ ಇಲ್ಲ. ಡೆಂಗಿ ಬಂದು ಹೋದವರಲ್ಲಿ ಸ್ವಲ್ಪ ಮಟ್ಟಿನ ಅಡ್ಡರಕ್ಷಣೆ ಇರಬಹುದೆಂದು ಕೆಲವರು, ಏಷ್ಯಾದ ಈಡಿಸ್ ಸೊಳ್ಳೆಗಳು ಈ ವೈರಸ್ಸನ್ನು ಅಷ್ಟು ಸಮರ್ಥವಾಗಿ ಹೊರುವುದಿಲ್ಲವೆಂದು ಇನ್ನು ಕೆಲವರು ಹೇಳುತ್ತಾರೆ. ರೋಗವಿರುವ ಒಳನಾಡುಗಳಿಂದ ಏಷ್ಯಾಕ್ಕೆ ಮೊದಲು ಅಷ್ಟಾಗಿ ಪ್ರಯಾಣವೇ ಇರಲಿಲ್ಲ ಎಂಬ ಸರಳ ವಿವರಣೆಯೂ ಇದೆ. ನನಗೆ ಈ ಮೂರನೆಯದೇ ಹೆಚ್ಚು ಚಿಂತೆ ಹುಟ್ಟಿಸುತ್ತದೆ, ಏಕೆಂದರೆ ಬದಲಾಗಿರುವುದು ಅದೊಂದೇ. ಆಫ್ರಿಕಾ ಮೂಲದ ತಳಿಯ ಚಿಕೂನ್‌ಗುನ್ಯ ವೈರಸ್ ಹಿಂದೂ ಮಹಾಸಾಗರದ ದ್ವೀಪಗಳನ್ನು ಹಾದು 2005ರ ಕೊನೆಗೆ ನಮ್ಮಲ್ಲಿಗೆ ಬಂದು, ಮರು ವರ್ಷ ಉತ್ತರ ಕರ್ನಾಟಕದ ಹಳ್ಳಿ ಹಳ್ಳಿಗಳಲ್ಲಿ ಜನರನ್ನು ಕೀಲುನೋವಿನಿಂದ ಹಾಸಿಗೆ ಹಿಡಿಸಿದ್ದನ್ನು ಮರೆತವರು ಕಡಿಮೆ. ಅದನ್ನು ಹರಡಿದ್ದು ಇದೇ ಈಡಿಸ್ ಸೊಳ್ಳೆ.

ಮಂಗಗಳ ವಿಷಯ ಇನ್ನೂ ಸೂಕ್ಷ್ಮವಾದದ್ದು. ಆಫ್ರಿಕಾದ ಕಾಡುಗಳಲ್ಲಿ ಈ ವೈರಸ್ ಸೊಳ್ಳೆ ಮತ್ತು ಮಂಗಗಳ ನಡುವೆ ಸುತ್ತುತ್ತಿರುತ್ತದೆ. ಅನಾದಿಯಿಂದ ಅದರೊಂದಿಗೆ ಬಾಳಿದ ಅಲ್ಲಿಯ ಮಂಗಗಳಿಗೆ ಅದರಿಂದ ಹೆಚ್ಚೇನೂ ಆಗುವುದಿಲ್ಲ. 1927ರಲ್ಲಿ ಗೋಲ್ಡ್ ಕೋಸ್ಟಿನಲ್ಲಿ, ಅಂದರೆ ಇಂದಿನ ಘಾನಾದಲ್ಲಿ, ಅಸಿಬಿ ಎಂಬ 28ರ ಹರೆಯದ ರೋಗಿಯ ರಕ್ತವನ್ನು ವಿಜ್ಞಾನಿಗಳು ಏಷ್ಯಾ ಮೂಲದ ರೀಸಸ್ ಕೋತಿಗೆ ಚುಚ್ಚಿದಾಗ ಕೋತಿ ಕಾಯಿಲೆ ಬಿದ್ದು ಸತ್ತಿತು. ಉತ್ತರ ಭಾರತದ ಗುಡಿ ಗೋಪುರಗಳಲ್ಲಿ ಎಲ್ಲೆಲ್ಲೂ ಕಾಣುವ ಜಾತಿ ಅದು. ಹಳದಿ ಜ್ವರಕ್ಕೆ ಕಾರಣ ಬ್ಯಾಕ್ಟೀರಿಯಾ ಅಲ್ಲ, ವೈರಸ್ ಎಂಬುದು ಹಾಗೆ ಸಾಬೀತಾಯಿತು. ಅಸಿಬಿ ಬದುಕಿದ, ಆ ಸಂಶೋಧನೆ ನಡೆಸಿದ ಏಡ್ರಿಯನ್ ಸ್ಟೋಕ್ಸ್ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅದೇ ಕಾಯಿಲೆಯಿಂದ ತೀರಿಕೊಂಡರು, ಮರು ವರ್ಷ ಇನ್ನೊಬ್ಬ ಸಂಶೋಧಕ ಹಿದೆಯೊ ನೊಗುಚಿ ಅಕ್ರಾದಲ್ಲಿ ಹಾಗೆಯೇ ಸತ್ತರು.

ಅಂದಿನಿಂದ ರೀಸಸ್ ಕೋತಿ ಕಾಡುಗಳಲ್ಲಿ ಹಳದಿ ಜ್ವರವನ್ನು ಪತ್ತೆಹಚ್ಚುವ ಕಾವಲುಗಾರನಾಯಿತು. ಕಂಪಾಲಾದಿಂದ ಎಂಟೆಬೆಗೆ ಹೋಗುವ ರಸ್ತೆಯ ಪಕ್ಕದಲ್ಲೇ ಝೀಕಾ ಎಂಬ ಸಣ್ಣ ಕಾಡಿದೆ. ವಿಮಾನ ಹಿಡಿಯಲು ಹೋಗುವಾಗಲೆಲ್ಲ ನಾವು ಅದನ್ನು ಹಾದೇ ಹೋಗುತ್ತಿದ್ದೆವು, ಮತ್ತು ಹೊಸದಾಗಿ ಬಂದವರು ಅದೇ ಆ ಝೀಕಾ ಎಂದು ತಿಳಿದಾಗ ಕಾರಿನ ಗಾಜು ಏರಿಸಿಕೊಳ್ಳುತ್ತಿದ್ದುದುಂಟು. ಎಂಟೆಬೆಯಲ್ಲಿ 1936ರಲ್ಲಿ ಸ್ಥಾಪನೆಯಾದ ಹಳದಿ ಜ್ವರ ಸಂಶೋಧನಾ ಸಂಸ್ಥೆಯವರು 1947ರಲ್ಲಿ ಆ ಕಾಡಿನಲ್ಲಿ ಪಂಜರದೊಳಗೆ ಇರಿಸಿದ್ದ ರೀಸಸ್ ಕೋತಿಗೆ ಜ್ವರ ಬಂದಾಗ ಅದರ ರಕ್ತವನ್ನು ಪರೀಕ್ಷಿಸಿದರು. ಹುಡುಕುತ್ತಿದ್ದುದು ಹಳದಿ ಜ್ವರ, ಸಿಕ್ಕಿದ್ದು ಹೊಸದೊಂದು ವೈರಸ್. ಅದೇ ಝೀಕಾ ವೈರಸ್ 2022ರ ಡಿಸೆಂಬರಿನಲ್ಲಿ ರಾಯಚೂರು ಜಿಲ್ಲೆಯ ಪುಟ್ಟ ಹುಡುಗಿಯೊಬ್ಬಳಲ್ಲಿ ಪತ್ತೆಯಾಗಿ ಕರ್ನಾಟಕದ ಮೊದಲ ಪ್ರಕರಣವಾಯಿತು.

ಝೀಕಾ ಕಾಡಿನಲ್ಲಿ ಆ ವೈರಸ್ ಸಿಕ್ಕ ಹತ್ತು ವರ್ಷಗಳ ಬಳಿಕ ಇದೇ ಬಗೆಯ ಘಟನೆ ನಮ್ಮ ಸೊರಬ ತಾಲ್ಲೂಕಿನಲ್ಲಿ ನಡೆಯಿತು. 1957ರಲ್ಲಿ ಕ್ಯಾಸನೂರು ಕಾಡಿನ ಸುತ್ತ ಮುಸಿಯಗಳೂ ಕೆಂಪು ಮೂತಿಯ ಕೋತಿಗಳೂ ಸಾಲು ಸಾಲಾಗಿ ಸತ್ತು ಬೀಳುತ್ತಿರುವ ಸುದ್ದಿ, ಜೊತೆಗೆ ಅಲ್ಲಿಯ ಜನರಿಗೆ ತೀವ್ರ ಜ್ವರ ಬರುತ್ತಿರುವ ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿದಾಗ, ಅಲ್ಲಿದ್ದ ಟೆಲ್ಫರ್ಡ್ ವರ್ಕ್ ಮತ್ತವರ ಸಂಗಡಿಗರಿಗೆ ಮೊದಲು ಹೊಳೆದದ್ದು ಹಳದಿ ಜ್ವರ ಕೊನೆಗೂ ಭಾರತಕ್ಕೆ ಬಂದಿರಬೇಕೆಂದೇ. ದಕ್ಷಿಣ ಅಮೆರಿಕದಲ್ಲಿ ಮಂಗಗಳ ಸಾವು ಹಳದಿ ಜ್ವರದ ಮುನ್ಸೂಚನೆಯೆಂದು ಅವರಿಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಅದು ಉಣ್ಣೆ ಹುಳುಗಳಿಂದ ಹರಡುವ ಬೇರೆಯೇ ವೈರಸ್ ಎಂದು ಗೊತ್ತಾಯಿತು, ಅದೇ ಮಂಗನ ಕಾಯಿಲೆಯದು. ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಕ್ಯಾಸನೂರಿನ ಹೆಸರು ಶಾಶ್ವತವಾಗಿ ನಿಂತಿತು. ಮಲೆನಾಡಿನವರು ಈಗಲೂ ಬೇಸಗೆ ಬಂತೆಂದರೆ ಮಂಗ ಸತ್ತ ಸುದ್ದಿಗೆ ಕಿವಿಗೊಟ್ಟಿರಬೇಕಾದ ಆ ಕಾಯಿಲೆಗೆ ಹಾಕುತ್ತಿದ್ದ ಹಳೆಯ ಲಸಿಕೆಯನ್ನು ದಕ್ಷತೆ ಸಾಲದೆಂದು ಕೆಲವು ವರ್ಷಗಳ ಹಿಂದೆ ಕೈಬಿಡಲಾಯಿತು. ಹಳದಿ ಜ್ವರಕ್ಕಾದರೋ 1937ರಿಂದಲೂ ಉತ್ತಮ ಲಸಿಕೆಯಿದೆ. ಹಣವಂತ ದೇಶಗಳ ಬಂದರುಗಳನ್ನೂ ಸೈನಿಕರನ್ನೂ ಕಾಡಿದ ಕಾಯಿಲೆಗೆ ಲಸಿಕೆ ಬೇಗ ಸಿಗುತ್ತದೆ, ದರಕು, ಅಂದರೆ ಒಣಗಿದ ಎಲೆ, ಗುಡಿಸಿ ತರಲು ಕಾಡಿಗೆ ಹೋಗುವವರನ್ನು ಕಾಡುವ ಕಾಯಿಲೆ ಕಾಯಬೇಕಾಗುತ್ತದೆ ಎಂದು ನನಗೆ ಅನ್ನಿಸುವುದುಂಟು.

ಮಂಗಗಳು ಕೊಡುವ ಮುನ್ಸೂಚನೆಯನ್ನು ಕಡೆಗಣಿಸಿದರೆ ಏನಾಗುತ್ತದೆಂಬುದನ್ನು ಬ್ರೆಜಿಲ್ ತೋರಿಸಿದೆ. 2016ರ ಕೊನೆಯಿಂದ 2018ರವರೆಗೆ ಮಿನಾಸ್ ಜೆರಾಯಿಸ್, ಸಾವೊ ಪಾವ್ಲೊ, ರಿಯೊ ಡಿ ಜನೈರೊ ರಾಜ್ಯಗಳ ಕಾಡುಗಳಲ್ಲಿ ಕೂಗು ಮಂಗಗಳು ಸಾವಿರಗಟ್ಟಲೆ ಸತ್ತವು, ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ರೋಗ ದೃಢಪಟ್ಟು ಏಳು ನೂರಕ್ಕೂ ಹೆಚ್ಚು ಮಂದಿ ಸತ್ತರು. ಜನ ಹೆದರಿ ಮಂಗಗಳನ್ನೇ ಹೊಡೆದು ಕೊಂದ ಪ್ರಸಂಗಗಳೂ ನಡೆದವು, ಇದ್ದ ಎಚ್ಚರಿಕೆಯ ಗಂಟೆಯೂ ಹಾಗೆ ಹೋಯಿತು. 2025ರಲ್ಲಿ ಕೊಲಂಬಿಯಾದ ತೋಲಿಮಾ ಪ್ರಾಂತದಲ್ಲಿ, ಅಮೆಜಾನ್ ಕಾಡಿನಿಂದ ದೂರದ ಕಾಫಿ ಬೆಳೆಯುವ ಬೆಟ್ಟಸಾಲಿನಲ್ಲಿ, ರೋಗ ಕಾಣಿಸಿಕೊಂಡು ಸರ್ಕಾರ ಆರೋಗ್ಯ ತುರ್ತುಸ್ಥಿತಿ ಘೋಷಿಸಿತು. ಆಫ್ರಿಕಾದ 34 ಹಾಗೂ ಮಧ್ಯ ಮತ್ತು ದಕ್ಷಿಣ ಅಮೆರಿಕದ 13 ದೇಶಗಳು ಪೂರ್ತಿಯಾಗಿ ಅಥವಾ ಭಾಗಶಃ ಈ ರೋಗದ ನೆಲೆಗಳೆಂದು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿದೆ. ಆಫ್ರಿಕಾದ ಮಾತು ಬಂದಾಗ ಮಾತ್ರ ಹಳದಿ ಪುಸ್ತಿಕೆಯನ್ನು ನೆನೆಯುವ ನಮ್ಮ ಐಟಿ ಮಂದಿ ಸಾವೊ ಪಾವ್ಲೊ ಅಥವಾ ಬೊಗೋಟಾಕ್ಕೆ ಹೋಗುವಾಗ ಮರೆಯುವುದು ಸಾಮಾನ್ಯ.

ಲಸಿಕೆಯ ವಿಷಯ. ಅಸಿಬಿಯ ರಕ್ತದಿಂದ ಬಂದ ವೈರಸ್ಸನ್ನೇ ನ್ಯೂಯಾರ್ಕಿನ ರಾಕ್‌ಫೆಲರ್ ಪ್ರಯೋಗಾಲಯದಲ್ಲಿ ಇಲಿ ಮತ್ತು ಕೋಳಿ ಭ್ರೂಣಗಳ ಅಂಗಾಂಶದಲ್ಲಿ ಮತ್ತೆ ಮತ್ತೆ ಬೆಳೆಸುತ್ತಾ ಹೋದ ಮ್ಯಾಕ್ಸ್ ಥೈಲರ್ ಮತ್ತು ಸಂಗಡಿಗರಿಗೆ, ಅದು ಒಂದು ಹಂತದಲ್ಲಿ ತನ್ನ ಕ್ರೌರ್ಯ ಕಳೆದುಕೊಂಡು ರಕ್ಷಣೆ ಹುಟ್ಟಿಸುವ ಗುಣವನ್ನು ಮಾತ್ರ ಉಳಿಸಿಕೊಂಡದ್ದು ಕಂಡಿತು. 17ಡಿ ಎಂಬ ಆ ತಳಿಗಾಗಿ ಥೈಲರ್ ಅವರಿಗೆ 1951ರಲ್ಲಿ ನೊಬೆಲ್ ಬಂತು, ಇಂದಿಗೂ ಜಗತ್ತಿನಲ್ಲಿ ಬಳಕೆಯಲ್ಲಿರುವುದು ಅದರ ಸಂತತಿಯೇ. ಒಂದೇ ಚುಚ್ಚುಮದ್ದು. ಹತ್ತು ದಿನದ ಹೊತ್ತಿಗೆ ಹೆಚ್ಚಿನವರಲ್ಲಿ, ಮೂವತ್ತು ದಿನ ಕಳೆಯುವಷ್ಟರಲ್ಲಿ ನೂರರಲ್ಲಿ ತೊಂಬತ್ತೊಂಬತ್ತು ಮಂದಿಯಲ್ಲಿ ರಕ್ಷಣೆ ಬಂದಿರುತ್ತದೆ. ಪ್ರಮಾಣಪತ್ರ ಊರ್ಜಿತವಾಗುವುದೂ ಹತ್ತು ದಿನ ಕಳೆದ ಮೇಲೆ, ಆದ್ದರಿಂದ ನಾಳೆ ವಿಮಾನವಿಟ್ಟುಕೊಂಡು ಇಂದು ಲಸಿಕೆಗೆ ಓಡುವುದರಿಂದ ಪ್ರಯೋಜನವಿಲ್ಲ.

ಈ ಲಸಿಕೆ ಬೀದಿಯ ಕ್ಲಿನಿಕ್ಕುಗಳಲ್ಲಿ ಸಿಗುವುದಿಲ್ಲ. ಕೇಂದ್ರ ಸರ್ಕಾರ ಮಾನ್ಯ ಮಾಡಿದ ಕೆಲವೇ ಕೇಂದ್ರಗಳಲ್ಲಿ, ಗೊತ್ತುಪಡಿಸಿದ ದಿನಗಳಲ್ಲಿ, ಮುಂಚಿತವಾಗಿ ಹೆಸರು ಬರೆಸಿದವರಿಗೆ ಮಾತ್ರ ಕೊಡುತ್ತಾರೆ. ಲಸಿಕೆ ಪುಡಿಯ ರೂಪದಲ್ಲಿರುತ್ತದೆ. ಒಂದು ಸೀಸೆಯಲ್ಲಿ ಹಲವರಿಗೆ ಆಗುವಷ್ಟು ಡೋಸುಗಳಿದ್ದು, ದ್ರಾವಣ ಬೆರೆಸಿದ ಮೇಲೆ ಕೆಲವು ಗಂಟೆಗಳಲ್ಲಿ ಬಳಸದಿದ್ದರೆ ಚೆಲ್ಲಬೇಕಾಗುತ್ತದೆ. ಒಬ್ಬರಿಗಾಗಿ ಸೀಸೆ ಒಡೆಯುವುದಿಲ್ಲವೆಂದು ಸಿಬ್ಬಂದಿ ಹೇಳುವುದರ ಹಿಂದೆ ಇರುವ ಕಾರಣ ಇದು. ನಮ್ಮ ಅಕ್ಕನ ಮಗನನ್ನು ಕರೆದುಕೊಂಡು ಹೋಗಿದ್ದಾಗ ಸಾಲಿನಲ್ಲಿ ನಮ್ಮ ಮುಂದಿದ್ದ ಹಿರಿಯರೊಬ್ಬರು ನೈಜೀರಿಯಾದ ಲಾಗೋಸಿನಲ್ಲಿದ್ದ ಮಗಳ ಬಾಣಂತನಕ್ಕೆ ಹೆಂಡತಿಯ ಜೊತೆ ಹೊರಟಿದ್ದರು. ವೈದ್ಯರು ವಾಡಿಕೆಯಂತೆ, "ಮೊಟ್ಟೆ ತಿಂದರೆ ಅಲರ್ಜಿ ಏನಾದರೂ ಆಗುತ್ತದೆಯೆ?" ಎಂದು ಕೇಳಿದರು.

"ನಾವು ಮೊಟ್ಟೆ ಮುಟ್ಟುವವರೇ ಅಲ್ಲ ಡಾಕ್ಟ್ರೇ, ಆಗುತ್ತದೋ ಇಲ್ಲವೋ ನನಗೇನು ಗೊತ್ತು?"

ವೈದ್ಯರು ಪೆನ್ನು ಕೆಳಗಿಟ್ಟು, "ಬೇಕರಿ ಕೇಕು ತಿಂದಿದ್ದೀರಾ?" ಎಂದರು. ಹಿರಿಯರು ಹೆಂಡತಿಯ ಮುಖ ನೋಡಿದರು. "ಮೊಮ್ಮಕ್ಕಳ ಹುಟ್ಟುಹಬ್ಬಕ್ಕೆ ಒಂದೊಂದು ಚೂರು ತಿಂದಿರುತ್ತಾರೆ," ಎಂದು ಆಕೆಯೇ ಉತ್ತರ ಕೊಟ್ಟರು. ಲಸಿಕೆಯಲ್ಲಿ ಮೊಟ್ಟೆಯ ಅಂಶ ಉಳಿದಿರುವುದರಿಂದ ಅದರ ತೀವ್ರ ಅಲರ್ಜಿ ಇರುವವರಿಗೆ ಇದು ಸಲ್ಲದು, ಆದ್ದರಿಂದ ಆ ಪ್ರಶ್ನೆ ಶಿಷ್ಟಾಚಾರಕ್ಕೆ ಕೇಳಿದ್ದಲ್ಲ. ಆಮೇಲೆ ಅವರ ವಯಸ್ಸು, ನುಂಗುವ ಮಾತ್ರೆಗಳು, ಹಿಂದೆ ಆದ ಶಸ್ತ್ರಚಿಕಿತ್ಸೆಗಳ ಬಗ್ಗೆ ವಿಚಾರಿಸುವುದರಲ್ಲೇ ಬಹಳ ಹೊತ್ತು ಹೋಯಿತು, ಹಿಂದಿದ್ದವರು ಗೊಣಗತೊಡಗಿದರು. ಗೊಣಗಬಾರದಿತ್ತು.

ಏಕೆಂದರೆ ಇದು ಜೀವಂತ ವೈರಸ್ಸಿನ ಲಸಿಕೆ. ಹೆಚ್ಚಿನವರಿಗೆ ಒಂದು ವಾರದ ಹೊತ್ತಿಗೆ ಸಣ್ಣ ಜ್ವರ, ಮೈನೋವು ಬಂದು ಹೋಗುವುದನ್ನು ಬಿಟ್ಟರೆ ಏನೂ ಆಗುವುದಿಲ್ಲ. ಆದರೆ ಬಹಳ ಅಪರೂಪವಾಗಿ, ಲಕ್ಷಕ್ಕೆ ಒಂದಕ್ಕಿಂತಲೂ ಕಡಿಮೆ ಪ್ರಮಾಣದಲ್ಲಿ, ಲಸಿಕೆಯ ವೈರಸ್ಸೇ ನರಮಂಡಲವನ್ನೋ ಒಳ ಅಂಗಾಂಗಗಳನ್ನೋ ಕೆಡಿಸುವುದುಂಟು, ಅರವತ್ತು ದಾಟಿದವರು ಮೊದಲ ಸಲ ಹಾಕಿಸಿಕೊಂಡಾಗ ಆ ಸಂಭವ ಹೆಚ್ಚು. ಆರು ತಿಂಗಳೊಳಗಿನ ಕೂಸುಗಳಿಗೆ, ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಿಗೆ, ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ಅಥವಾ ಕ್ಯಾನ್ಸರ್ ಔಷಧ ತೆಗೆದುಕೊಳ್ಳುತ್ತಿರುವವರಿಗೆ, ಥೈಮಸ್ ಗ್ರಂಥಿಯ ತೊಂದರೆ ಇರುವವರಿಗೆ ಇದನ್ನು ಹಾಕುವುದಿಲ್ಲ. ಗರ್ಭಿಣಿಯರು, ಎಳೆಗೂಸಿಗೆ ಹಾಲೂಡಿಸುವವರು, ಅರವತ್ತು ದಾಟಿದವರು ಹೋಗುವ ಜಾಗದ ಅಪಾಯವನ್ನೂ ಲಸಿಕೆಯ ಅಪಾಯವನ್ನೂ ವೈದ್ಯರೊಂದಿಗೆ ಕೂತು ತೂಗಿ ನೋಡಬೇಕು. ಲಸಿಕೆ ಸಲ್ಲದೆಂದು ವೈದ್ಯರು ಪುಸ್ತಿಕೆಯಲ್ಲಿ ಬರೆದುಕೊಡಲು ಅವಕಾಶವಿದೆ, ಆದರೂ ಅದನ್ನು ತೋರಿಸಿದ ಮೇಲೂ ಪ್ರತ್ಯೇಕವಾಸಕ್ಕೆ ಸಿದ್ಧರಿರಬೇಕು. ಬಾಣಂತನಕ್ಕೆ ಹೊರಡುವ ಅಜ್ಜಿ ತಾತಂದಿರಿಗೆ ಟಿಕೆಟ್ ತೆಗೆಯುವ ಮುನ್ನವೇ ಈ ಮಾತು ನಡೆಯಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ.

ಸೂಜಿ ತಾಗಿಸದೆ ಮುದ್ರೆ ಹಾಕಿಸಿಕೊಡುವ ದಲ್ಲಾಳಿಗಳು ಎಲ್ಲ ಊರುಗಳಲ್ಲೂ ಇದ್ದಾರೆ. ಅವರಿಂದ ಪುಸ್ತಿಕೆ ಕೊಂಡವನು ಅಧಿಕಾರಿಯನ್ನು ಯಾಮಾರಿಸಬಹುದು, ಸೊಳ್ಳೆಯನ್ನಲ್ಲ. ಇನ್ನೊಂದು ಗೊಂದಲ ಅವಧಿಯದು. ಹಿಂದೆ ಹತ್ತು ವರ್ಷಕ್ಕೊಮ್ಮೆ ಲಸಿಕೆ ಹಾಕಿಸಬೇಕಿತ್ತು. 2016ರ ಜುಲೈ 11ರಿಂದ ಒಮ್ಮೆ ಪಡೆದ ಪ್ರಮಾಣಪತ್ರ ಜೀವಿತಾವಧಿಗೆ ಊರ್ಜಿತ, ಅದಕ್ಕೂ ಮೊದಲು ಪಡೆದ ಹಳೆಯ ಪುಸ್ತಿಕೆಗೂ ಇದು ಅನ್ವಯಿಸುತ್ತದೆ. ಪುಸ್ತಿಕೆಯಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಬರೆದಿರುವುದರಿಂದ ಪಾಸ್‌ಪೋರ್ಟ್ ಬದಲಾದವರು ಹಳೆಯದನ್ನೂ ಜೊತೆಗಿಟ್ಟುಕೊಂಡರೆ ಕೌಂಟರಿನಲ್ಲಿ ವಾದ ತಪ್ಪುತ್ತದೆ. ರೋಗವಿರುವ ದೇಶದಲ್ಲಿ ವಿಮಾನ ಬದಲಿಸಿದ್ದಷ್ಟೇ ಆಗಿದ್ದರೆ, ನಿಲ್ದಾಣದಿಂದ ಹೊರಗೆ ಕಾಲಿಟ್ಟಿಲ್ಲವೆಂದು ಆರೋಗ್ಯಾಧಿಕಾರಿಗೆ ಮನವರಿಕೆಯಾದರೆ ವಿನಾಯಿತಿ ಸಿಗುತ್ತದೆ. ಆದ್ದರಿಂದ ಬೋರ್ಡಿಂಗ್ ಪಾಸುಗಳನ್ನು ವಿಮಾನದಲ್ಲೇ ಬಿಟ್ಟು ಬರಬಾರದು.

ರೋಗವಿರುವ ದೇಶದಿಂದ ಬಂದ ಒಂದು ವಾರದೊಳಗೆ ಜ್ವರ ಕಾಣಿಸಿದರೆ ಮೊದಲು ಮಲೇರಿಯ ಪರೀಕ್ಷೆ ಮಾಡಿಸಬೇಕು, ಹೆಚ್ಚಿನ ಸಂದರ್ಭಗಳಲ್ಲಿ ಅದೇ ಆಗಿರುತ್ತದೆ. ಯಾವ ದೇಶದಲ್ಲಿ, ಯಾವ ದಿನಾಂಕದವರೆಗೆ ಇದ್ದಿರಿ, ಲಸಿಕೆ ಆಗಿದೆಯೇ ಇಲ್ಲವೇ ಎಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಬೇಕು. ನೋವಿಗೆ ಪ್ಯಾರಸಿಟಮಾಲ್ ಬಿಟ್ಟು ಆಸ್ಪಿರಿನ್, ಐಬುಪ್ರೊಫೆನ್ ಮುಂತಾದವನ್ನು ಮುಟ್ಟಬಾರದು. ಅವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಆಸ್ಪತ್ರೆಗೆ ಹೋಗುವವರೆಗೂ, ಹೋದ ಮೇಲೂ, ಜ್ವರದ ಮೊದಲ ಐದು ದಿನ ಹಗಲಿನಲ್ಲೂ ಸೊಳ್ಳೆಪರದೆಯ ಒಳಗೆ ಮಲಗಬೇಕು.